ನಿಂಬೆಗಿಡ ಯಾವ ಬದಿಗಿತ್ತು

ಏಲಕ್ಕಿ ಹಾಕಿದ ಕಾಫಿಯ ವಾಸನೆ ಬಂದರೆ ಈಗಲೂ ನನಗೆ ಗಲ್ಫ್‌ನಲ್ಲಿ ನಾವಿದ್ದ ಮುಐದರ್ ಬಡಾವಣೆಯ ಆ ಮಧ್ಯಾಹ್ನ ನೆನಪಾಗುತ್ತದೆ. ನಮ್ಮ ವಿಲ್ಲಾದ ಮಹಡಿಯಲ್ಲಿ ಪ್ಯಾಲೆಸ್ತೀನಿನ ಒಬ್ಬ ಕಾದಂಬರಿಗಾರ್ತಿ ಇದ್ದರು. ಹೊಟ್ಟೆಪಾಡಿಗೆ ಪತ್ರಿಕೆಯೊಂದಕ್ಕೆ ಯುದ್ಧದ ಸುದ್ದಿ ಬರೆಯುತ್ತಿದ್ದರು. ಉಳಿದ ಹೊತ್ತಿನಲ್ಲಿ, ಗಾಜಾದಲ್ಲಿ ತಾವು ಹುಟ್ಟಿದ ಮನೆಯ ಕುರಿತು ಕಾದಂಬರಿ ಬರೆಯುತ್ತಿದ್ದರು. ನಾನು ಅವರನ್ನು ಅವರ ಭಾಷೆಯಲ್ಲಿ ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುತ್ತಿದ್ದೆ. ಅವರ ಇಂಗ್ಲಿಷನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳುವುದು ನನ್ನ ಕೆಲಸವಾಗಿತ್ತು.

ಅಂದು ಅವರು ನಮಗೆ ಪುಟ್ಟ ಲೋಟಗಳಲ್ಲಿ ಕಾಫಿ ಕೊಟ್ಟು, ಬರೆದ ಸಾಲನ್ನೇ ಮತ್ತೆ ಮತ್ತೆ ಹೊಡೆದುಹಾಕುತ್ತಿದ್ದರು. ಆ ಮನೆಯ ಅಂಗಳದ ನಿಂಬೆಗಿಡ ಬಾಗಿಲಿನ ಎಡಕ್ಕಿತ್ತೋ ಬಲಕ್ಕಿತ್ತೋ ನೆನಪಾಗುತ್ತಿಲ್ಲ ಎಂದರು.

"ಊರಲ್ಲಿ ಇವರ ಅಣ್ಣ ಇದ್ದಾರಲ್ಲ, ಅವರತ್ರ ಕೇಳ್ಲಿಕ್ಕೆ ಹೇಳು ಮಗಾ," ಎಂದರು ಅಮ್ಮ. ಹೇಳಿದೆ.

ಖಾಲಾ ಕಣ್ಣುಜ್ಜಿಕೊಂಡರು. ಹೋದ ವಾರ ಆ ಮನೆಯ ಮೇಲೆ ಬಾಂಬ್ ಬಿತ್ತು, ಅಣ್ಣ ಒಳಗಿದ್ದ ಎಂದರು. ಅಳಲಿಲ್ಲ. "ಖಲಾಸ್, ಬಲಗಡೆ ಅಂತಲೇ ಬರೀತೇನೆ. ತಪ್ಪು ಅಂತ ಹೇಳೋರು ಯಾರೂ ಉಳಿದಿಲ್ಲ," ಎಂದು ಪೆನ್ನು ಎತ್ತಿಕೊಂಡರು.

ಅದನ್ನು ಕನ್ನಡದಲ್ಲಿ ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಖಾಲಾರ ಕೈ ಹಿಡಿದುಕೊಂಡಾಗಿತ್ತು.

"ಬೇಡ ಮಗಾ," ಎಂದರು. "ಗೊತ್ತಾಯ್ತು."