ಪಗಾರದ ಮಾತು

ಶಾಲೆಯ ಸಮವಸ್ತ್ರ ಹೊಲಿಯುವ ಅಂಗಡಿಯಲ್ಲಿ ಪಗಾರ ಹೆಚ್ಚು ಮಾಡಿರೆಂದು ಕೇಳುವ ಧೈರ್ಯ ಕಸ್ತೂರಿಗೆ ಎಂದೂ ಬಂದಿರಲಿಲ್ಲ. ಪಕ್ಕದ ಮಷಿನ್ನಿನ ಫಕೀರವ್ವನೇ ಹೇಳಿಕೊಟ್ಟಳು: "ಎಷ್ಟು ಬೇಕಂತ ಹೇಳು, ಆಮ್ಯಾಲ ಸುಮ್ಮ ನಿಂದ್ರು. ಅವರಽ ಮಾತಾಡ್ಲಿ." ಮಾಲೀಕರ ಕೋಣೆಯ ಬಾಗಿಲವರೆಗೂ ಜೊತೆಗೆ ಬಂದು, ಬೆನ್ನು ತಟ್ಟಿ ಒಳಗೆ ಕಳಿಸಿದಳು.

ಕಸ್ತೂರಿ ಕೇಳಿದಳು. ಆಮೇಲೆ ತುಟಿ ಬಿಚ್ಚದೆ ನಿಂತಳು. ಮಾಲೀಕರು ಫ್ಯಾನು ನೋಡಿದರು, ಕಿಟಕಿ ನೋಡಿದರು, ಕೊನೆಗೆ ಉಸಿರುಬಿಟ್ಟರು.

"ಆತು, ಕೊಡ್ತೀನಿ. ನಿನ್ನಂಥ ಕೈ ಬಿಟ್ರ ಅಂಗಡಿ ನಡ್ಯಂಗಿಲ್ಲ."

ಅವಳ ಕಣ್ಣು ತುಂಬಿ ಬಂದವು. "ಭಾಳ ಉಪಕಾರ ಆತ್ರಿ ಸಾವ್ಕಾರ್ರ. ಫಕೀರಕ್ಕ ಹೊರಗ ಕಾಯಾಕತ್ಯಾಳ, ಹೇಳಿ ಬರ್ತೀನ್ರಿ."

"ಹೇಳು," ಮಾಲೀಕರು ತಲೆ ತಗ್ಗಿಸಿದರು. "ಇಬ್ಬರಿಗೂ ಕೊಡೂವಷ್ಟು ರೊಕ್ಕ ನನ್ನ ಹಂತೇಕ ಇಲ್ಲ. ನಾಳಿಂದ ಆಕಿ ಬರೂದು ಬ್ಯಾಡ ಅಂತ ನೀನಽ ಹೇಳಿಬಿಡವ್ವ."