ಹೆಗಲ ಬಟ್ಟೆ

"ಕೀ ತಿರುಗಿಸೇ! ಏನು ಮುಹೂರ್ತ ನೋಡ್ತಾ ಕೂತಿದೀಯಾ?" ಬಾನೆಟ್ಟಿನ ಪಕ್ಕ ನಿಂತು ಅಣ್ಣ ಗದರಿದ. ಡ್ರೈವರ್ ಸೀಟಿನಲ್ಲಿ ಕೂತಿದ್ದ ತಂಗಿಯ ಬೆರಳು ಕೀಲಿಯ ಮೇಲೆಯೇ ನಿಂತುಬಿಟ್ಟಿತ್ತು. ಅಣ್ಣ ಕೈಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಯಾವತ್ತೂ ಹಾಗೆ ಮಾಡುವವನಲ್ಲ. ಅವನ ಹೆಗಲು ಖಾಲಿಯಿತ್ತು.

ಹಳೆಯ ಏರ್ ಫಿಲ್ಟರ್ ಡಬ್ಬಿ ಬಿಚ್ಚಿದ ಕೂಡಲೇ, ಸ್ಕ್ರೂ ಏನಾದರೂ ಒಳಗೆ ಬಿದ್ದೀತೆಂದು ಅವನು ಹೆಗಲ ಬಟ್ಟೆಯನ್ನು ಎಂಜಿನ್ನು ಗಾಳಿ ಎಳೆಯುವ ಬಾಯಿಗೆ ತುರುಕಿದ್ದನ್ನು ಅವಳು ಕಂಡಿದ್ದಳು. ಆಮೇಲೆ ಬೆರಳು ತೂರದ ಆ ಇಕ್ಕಟ್ಟಿನಲ್ಲಿ, ತಂಪು ಗಾಳಿ ಎಳೆಯುವ ಹೊಸ ಪೈಪು ಕೂರಿಸುವಷ್ಟರಲ್ಲಿ ಅವನಿಗೆ ಸಾಕುಸಾಕಾಗಿ, ಬಟ್ಟೆ ತೆಗೆಯುವುದೇ ಮರೆತುಹೋಗಿತ್ತು. ಈಗ ಕೀ ತಿರುಗಿಸಿದರೆ ಎಂಜಿನ್ ಬಟ್ಟೆಯನ್ನು ನುಂಗುತ್ತದೆ. ಬಾಯಿಬಿಟ್ಟು ಹೇಳಿದರೆ? ಹಿಂದೊಮ್ಮೆ ಗಿರಾಕಿಯ ಎದುರು ಅವನ ತಪ್ಪು ಎತ್ತಿ ಆಡಿದ್ದಕ್ಕೆ, ತಿಂಗಳುಗಟ್ಟಲೆ ಅವಳನ್ನು ಈ ಗ್ಯಾರೇಜ್ ಶೆಡ್ಡಿನೊಳಗೆ ಕಾಲಿಡಲು ಬಿಟ್ಟಿರಲಿಲ್ಲ. ಇವತ್ತೂ ಕಾರಿನ ಯಜಮಾನ ಹೊಸ ಪೈಪಿನಿಂದ ಬರುವ ಸದ್ದಿನ ವಿಡಿಯೋ ಹಿಡಿಯಲು ಫೋನು ಎತ್ತಿಕೊಂಡು ಅಲ್ಲೇ ನಿಂತಿದ್ದ.

"ಅಣ್ಣಾ, ಮೊದ್ಲು ಮುಖ ಒರೆಸ್ಕೋ. ವಿಡಿಯೋದಲ್ಲಿ ನೀನೂ ಬರ್ತೀಯ," ಎಂದಳು.

ಅಣ್ಣನ ಕೈ ತಾನಾಗಿಯೇ ಹೆಗಲಿಗೆ ಹೋಯಿತು. ಬರಿಯ ಹೆಗಲನ್ನು ಒಮ್ಮೆ ಸವರಿ ಅಲ್ಲೇ ನಿಂತಿತು. ಅವನು ತಂಗಿಯತ್ತ ನೋಡಿದ. ಅವಳು ಕಣ್ಣು ಕೀಳಲಿಲ್ಲ.

"ಒಂದ್ನಿಮಿಷ ಸಾರ್, ಕ್ಲಾಂಪ್ ಒಂಚೂರು ಸಡಿಲ ಅನ್ಸತ್ತೆ," ಎಂದು ಯಜಮಾನನಿಗೆ ಬೆನ್ನು ಕೊಟ್ಟು ಬಗ್ಗಿದ. ಪೈಪನ್ನು ಬಿಚ್ಚಿ, ಮತ್ತೆ ಬಿಗಿದು ಎದ್ದು ನಿಂತಾಗ ಬಟ್ಟೆ ಹೆಗಲ ಮೇಲಿತ್ತು. ಅದನ್ನೆಳೆದು, ಹೇಳಿದ ಮಾತು ಕೇಳುವ ಮಗುವಿನ ಹಾಗೆ ಮುಖವನ್ನೆಲ್ಲ ಒರೆಸಿಕೊಂಡ. ಮುಖ ಇನ್ನಷ್ಟು ಕಪ್ಪಾಯಿತು.

"ಈಗ ತಿರುಗಿಸಮ್ಮ," ಎಂದ.