ಬೆರಳಿಟ್ಟು ಓದು

'ಅಂಬ್ರೆಲ್ಲಾ' ಎಂಬ ಪದವನ್ನು ಹುಡುಗಿ ಒಂದೇ ಉಸಿರಿಗೆ ಓದಿದಾಗ ಟೀಚರಿಗೆ ಅನುಮಾನ ಬಂತು. ಅದಕ್ಕೂ ಹಿಂದಿನ ಸಾಲಿನಲ್ಲಿ 'ಡೋರ್' ಎಂಬಲ್ಲಿ ಅವಳು ಮುಗ್ಗರಿಸಿದ್ದಳು. ಓದಲು ಬಾರದ ಮಕ್ಕಳು ದೊಡ್ಡ ಪದಕ್ಕೆ ಎಡವುತ್ತಾರೆ, ಚಿಕ್ಕದಕ್ಕಲ್ಲ. ಇವಳದು ಎಲ್ಲವೂ ತಿರುಗುಮುರುಗು.

"ಬೆರಳಿಟ್ಟು ಓದು," ಎಂದರು ಟೀಚರು.

ಪದದ ಕೆಳಗೆ ಬೆರಳು, ಬೆರಳಿನ ಹಿಂದೆ ಕಣ್ಣು, ಕಣ್ಣಿನ ಹಿಂದೆ ನಾಲಿಗೆ. ಇದು ಅವರ ಪದ್ಧತಿ. ಹುಡುಗಿ ಎಡಗೈ ಬೆರಳಿಟ್ಟಳು. ಬಲಗೈ ಬೆರಳಿನ ಉಗುರು ಕಪ್ಪಗಾಗಿತ್ತು.

"ಅದಕ್ಕೇನಾಯ್ತೇ?"

"ನಿನ್ನೆ ಬಾಗ್ಲಿಗೆ ಸಿಕ್ಕಿಬಿಡ್ತು ಮಿಸ್."

"ಕಣ್ಣು ಎಲ್ಲಿಟ್ಟಿದ್ದೆ? ಓದೋವಾಗ್ಲೂ ಹಾಗೇ, ನಡೆಯೋವಾಗ್ಲೂ ಹಾಗೇ!"

ಮಕ್ಕಳೆಲ್ಲ ನಕ್ಕರು. ಹುಡುಗಿಯೂ ನಕ್ಕಳು. ಆಮೇಲೆ ಮೆಲ್ಲಗೆ ಕೇಳಿದಳು, "ಮಿಸ್, ನಿಮ್ಮ ತಲೆನೋವು ಹೋಯ್ತಾ? ನಾಳೆ ಕ್ಲಾಸ್ ಇರುತ್ತಾ?"

ಹಿಂದಿನ ದಿನ ತಲೆನೋವೆಂದು ಅವರು ತರಗತಿ ನಡೆಸಿರಲಿಲ್ಲ. ಮನೆಯವರೂ ವಿಚಾರಿಸದ ತಲೆನೋವನ್ನು ಈ ಪುಟ್ಟಿ ವಿಚಾರಿಸಿತಲ್ಲ ಎಂದು ಅವರು ಅವಳ ತಲೆ ಸವರಿದರು.

ಶಾಲೆ ಬಿಟ್ಟ ಮೇಲೆ ಹಿಂದುಳಿದವರಿಗೆಂದು ನಡೆಯುವ ಇಂಗ್ಲಿಷ್ ಓದಿನ ತರಗತಿ ಅದು. ಬಂದವರಿಗೆ ಒಂದು ಲೋಟ ಹಾಲು, ಎರಡು ಕ್ರೀಮ್ ಬಿಸ್ಕತ್ತು. ಮೂರನೆಯ ಕ್ಲಾಸಿನ ಈ ಹುಡುಗಿ ವರ್ಷವಿಡೀ ಅಲ್ಲೇ ಠಿಕಾಣಿ ಹೂಡಿದ್ದಳು. ನಾಲ್ಕು ಹೆಜ್ಜೆ ಮುಂದೆ ಬರುವಳು. ಪರೀಕ್ಷೆ ಬಂತೋ, ಜರ್ರನೆ ಹಿಂದಕ್ಕೆ. ಹಾಲು ಕುಡಿದು ಬಿಸ್ಕತ್ತನ್ನು "ಆಮೇಲೆ ತಿಂತೀನಿ" ಎಂದು ಎತ್ತಿಡುವಳು. ತರಗತಿ ಮುಗಿಯುವ ಹೊತ್ತಿಗೆ ಅವಳ ತಾಯಿ ಹೊಲಿಗೆ ಕಾರ್ಖಾನೆಯಿಂದ ನೇರ ಬಂದು ಗೇಟಿನ ಬಳಿ ನಿಲ್ಲುವಳು. ಇಬ್ಬರೂ ಕೈಹಿಡಿದುಕೊಂಡು, ಅವಸರವಿಲ್ಲದೆ ಮನೆಯ ಕಡೆ ಹೋಗುವರು.

ಹೆಡ್‌ಮಿಸ್‌ಗೆ ಸಹನೆ ಮುಗಿದಿತ್ತು. "ಒಬ್ಬರಾದ್ರೂ ಮೇಲಕ್ಕೆ ಹೋಗ್ಲಿ ಕಣ್ರೀ. ಇಲ್ಲಾಂದ್ರೆ ಕ್ಲಾಸ್ ಮುಚ್ಚಿಬಿಡೋಣ, ಹಾಲಾದ್ರೂ ಉಳಿಯುತ್ತೆ," ಎಂದುಬಿಟ್ಟರು. ಆ ಮಾತು ಟೀಚರಿಗೆ ಮುಳ್ಳಿನಂತೆ ಚುಚ್ಚಿತು. ಈ ತರಗತಿಗಾಗಿ ಅವರು ಜೀವ ತೇಯ್ದಿದ್ದರು.

ನೀನು ಚಾಪೆ ಕೆಳಗೆ ತೂರಿದರೆ ನಾನು ರಂಗೋಲಿ ಕೆಳಗೆ ತೂರುತ್ತೇನೆ ಎಂದುಕೊಂಡು ಅವರು ಒಂದು ಬಲೆ ಹೆಣೆದರು. ಯಾರೂ ನೋಡಿರದ ಹೊಸ ಕಥೆ ಪುಸ್ತಕವೊಂದನ್ನು ಮೇಜಿನ ಮೇಲೆ ಬಿಟ್ಟು, ಸೀಮೆಸುಣ್ಣ ತರುವ ನೆಪದಲ್ಲಿ ಹೊರಗೆ ಬಂದು, ಕಿಟಕಿಯ ಸಂದಿಗೆ ಕಣ್ಣಿಟ್ಟರು. ಸ್ವಲ್ಪ ಹೊತ್ತಿಗೆ ಒಂದನೆಯ ಕ್ಲಾಸಿನ ಮರಿಯೊಂದು ಪುಸ್ತಕ ಹಿಡಿದು ಹುಡುಗಿಯ ಪಕ್ಕ ಬಂದು ಕೂತಿತು. ಹುಡುಗಿ ಓದತೊಡಗಿದಳು. ಬೆರಳಿಲ್ಲ, ತಡವರಿಕೆಯಿಲ್ಲ. ನರಿಗೊಂದು ದನಿ, ಮೊಲಕ್ಕೊಂದು ದನಿ. ನೀರು ಹರಿದ ಹಾಗೆ ಇಂಗ್ಲಿಷು.

ಟೀಚರು ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಹುಡುಗಿಯ ಮುಖ ಬಿಳಿಚಿಕೊಂಡಿತು.

"ಬೆಕ್ಕು ಕಣ್ಮುಚ್ಚಿ ಹಾಲು ಕುಡಿದ್ರೆ ಯಾರಿಗೂ ಕಾಣಲ್ಲ ಅಂದ್ಕೊಂಡ್ಯಾ? ಓದೋಕೆ ಬರಲ್ಲ ಅಂತ ಯಾಕೇ ನಾಟಕ?"

ಹುಡುಗಿ ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟಳು.

ಟೀಚರೇ ಉತ್ತರ ಹುಡುಕಿದರು. ಬುದ್ಧಿವಂತರ ಕಾಯಿಲೆಯೇ ಅದು, ಒಂದು ಉತ್ತರ ಸಿಕ್ಕರೆ ಸಾಕು, ಮುಂದೆ ಹುಡುಕುವುದಿಲ್ಲ. "ಬಿಸ್ಕತ್ತಿಗಾ?" ಎಂದು ಕೇಳಿದರು.

ಹುಡುಗಿ ಬಹಳ ಹೊತ್ತು ಅವರ ಮುಖವನ್ನೇ ನೋಡಿದಳು. ಆಮೇಲೆ ತಲೆಯಾಡಿಸಿದಳು. "ಹ್ಞೂಂ ಮಿಸ್."

ಟೀಚರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಡ್‌ಮಿಸ್ ಮುಂದೆ ಅವಳಿಂದ ಇಡೀ ಕಥೆ ಓದಿಸಿದರು. ತರಗತಿ ಉಳಿಯಿತು, ಹುಡುಗಿ ಪಾಸಾದಳು. ಮನೆಗೆ ಫೋನ್ ಮಾಡಿದಾಗ ಎತ್ತಿದವನು ಅಪ್ಪ. ಕೆಲಸ ಬಿಟ್ಟು ಮನೆಯಲ್ಲೇ ಇದ್ದವನು. ದನಿಯೆಂದರೆ ಬೆಣ್ಣೆ.

"ಇನ್ನು ಸಂಜೆ ಕ್ಲಾಸ್ ಬೇಡ ಅಂತೀರಾ? ಒಳ್ಳೇದಾಯ್ತು ಮೇಡಂ. ಅವಳಮ್ಮ ಬರೋವರೆಗೂ ನಾನು ಮನೇಲಿ ಒಬ್ಬನೇ ಇರ್ತಿದ್ದೆ."

ಮಗಳೆಂದರೆ ಎಷ್ಟು ಪ್ರಾಣ ಎಂದುಕೊಂಡರು ಟೀಚರು. ಬೀಳ್ಕೊಡುವಾಗ ಹುಡುಗಿಗೆ ಒಂದಿಡೀ ಪೊಟ್ಟಣ ಬಿಸ್ಕತ್ತು ಕೊಟ್ಟರು.

"ಮಿಸ್, ನಾಳೆ ತಪ್ಪು ಓದಿದ್ರೆ ಮತ್ತೆ ಸೇರಿಸ್ಕೋತೀರಾ?"

"ಕಳ್ಳಿ! ಹೋಗು, ಬೆಳಕಿರುವಾಗ್ಲೇ ಮನೆ ಸೇರ್ಕೊ."

ಹುಡುಗಿ ಡೆಸ್ಕಿನಲ್ಲಿ ಏನನ್ನೋ ಇಟ್ಟು, ಮುಚ್ಚಳ ಹಾಕಿ, ಚೀಲ ಹೆಗಲಿಗೇರಿಸಿದಳು. ಗೇಟಿನ ಬಳಿ ತಾಯಿ ಇನ್ನೂ ಬಂದಿರಲಿಲ್ಲ. ಒಬ್ಬಳೇ ಹೋದಳು.

ಮರುದಿನ ಅವಳು ಶಾಲೆಗೆ ಬರಲಿಲ್ಲ. ಸಂಜೆ ಅವಳ ಡೆಸ್ಕನ್ನು ಬೇರೆಯವರಿಗೆ ಕೊಡೋಣವೆಂದು ಟೀಚರು ಮುಚ್ಚಳ ಎತ್ತಿದರು. ಒಳಗೆ ಬಿಸ್ಕತ್ತುಗಳು. ಹಳೆಯವು, ಮೆತ್ತಗಾದವು, ಇರುವೆ ಮುತ್ತಿದವು. ವರ್ಷವಿಡೀ ಕೊಟ್ಟವೆಲ್ಲ ಅಲ್ಲೇ ಇದ್ದಂತಿತ್ತು. ಮೇಲೆ ನಿನ್ನೆಯ ಪೊಟ್ಟಣ, ಒಡೆದಿರಲೇ ಇಲ್ಲ.

ಬಿಸ್ಕತ್ತಿಗಲ್ಲವಾದರೆ ಮತ್ತೇತಕ್ಕೆ? ಆಫೀಸ್ ಕೋಣೆಗೆ ಓಡಿದರು. ನಂಬರು ಒತ್ತಿದರು. "ಮಗು ಯಾಕೆ ಬಂದಿಲ್ಲ?"

"ಏನಿಲ್ಲ ಮೇಡಂ, ಬಾಗ್ಲಿಗೆ ಬೆರಳು ಸಿಕ್ಕಿಸ್ಕೊಂಡಿದ್ದಾಳೆ ಅಷ್ಟೆ," ಎಂದಿತು ಬೆಣ್ಣೆಯಂಥ ಅದೇ ದನಿ. "ಈ ಸಲ ಎರಡೂ ಕೈಯ್ದು."